ಬೀಗದಕೈ ಯಾರಲ್ಲಿರಬೇಕು?

ಹವ್ಯಾಸಿ ರೇಡಿಯೋ ಎಂದರೆ ಮಾಳಿಗೆಯ ಮೇಲೆ ತಂತಿ ಕಟ್ಟಿ, ಸರ್ಕಾರದ ಲೈಸೆನ್ಸು ಪಡೆದು, ದೂರದ ಅಪರಿಚಿತರೊಡನೆ ಸಂಭಾಷಿಸುವ ವಿನೋದವೆಂದು ನಮ್ಮ ಸಹಪಾಠಿಗಳು ತಿಳಿದಿದ್ದಾರೆ. ಅದು ಸರಿಯೇ. ಆದರೆ ಈಗ ಎಕೋಲಿಂಕ್, ಆಲ್‌ಸ್ಟಾರ್ ಮೊದಲಾದ ಏರ್ಪಾಡುಗಳಿಂದ ಒಂದೂರಿನ ರೇಡಿಯೋ ಧ್ವನಿ ಇಂಟರ್‌ನೆಟ್ಟಿನಲ್ಲಿ ಸಾಗಿ ಇನ್ನೊಂದೂರಿನಲ್ಲಿ ಮತ್ತೆ ರೇಡಿಯೋ ಅಲೆಯಾಗುತ್ತದೆ.

ತೊಡಕು ಇರುವುದು ಮನೆಯ ಸಂಪರ್ಕದಲ್ಲಿ. ಹೊರಗಿನ ಕರೆ ಒಳಬರಲು ಸ್ವಂತ ವಿಳಾಸ ಬೇಕು; ಇಂದು ಎಷ್ಟೋ ಮನೆಗಳು ಒಂದೇ ವಿಳಾಸದ ಹಿಂದೆ ಇವೆ. ಛತ್ರದ ಹೆಸರಿಗಷ್ಟೇ ಬಂದ ಕಾಗದ ಯಾವ ಕೋಣೆಯವರದೆಂದು ತಿಳಿಯುವುದು ಹೇಗೆ? ಆದ್ದರಿಂದ ನಾವು ನಾಲ್ವರು ಹಣ ಕೂಡಿಸಿ ಕ್ಲೌಡ್ ಸರ್ವರೊಂದನ್ನು ಬಾಡಿಗೆಗೆ ಹಿಡಿದೆವು. ಅದರ ವಿಳಾಸವೇ ನಮ್ಮೆಲ್ಲರ ಹೆಬ್ಬಾಗಿಲು. ಅಲ್ಲಿಂದ ಮನೆಮನೆಗೆ ವಿ.ಪಿ.ಎನ್. ಎಂಬ ಸುರಂಗ.

ಹಂಚಿಕೊಳ್ಳುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಆಲ್‌ಸ್ಟಾರ್‌ಗೆ 4569ರ ಬದಲು ಒಬ್ಬೊಬ್ಬರಿಗೆ ಒಂದೊಂದು ಪೋರ್ಟ್ ಕೊಡಬಹುದು. ಎಕೋಲಿಂಕ್ ಹಾಗಲ್ಲ, 5198, 5199 ಎಂಬವೇ ಬೇಕು, ಒಂದು ವಿಳಾಸಕ್ಕೆ ಒಂದೇ ಕೇಂದ್ರ. ನಮ್ಮಲ್ಲಿ ಮೊದಲ ಜಗಳ ಹುಟ್ಟಿದ್ದೇ ಇಲ್ಲಿ. ಕೊನೆಗೆ ಸರದಿಯ ಮೇಲೆ ಬಿಟ್ಟುಕೊಳ್ಳುವುದೆಂದಾಯಿತು.

ಗೋಪ್ಯದ ವಿಷಯ ಅಷ್ಟು ಕಷ್ಟವಲ್ಲ. ವೈರ್‌ಗಾರ್ಡ್‌ನಲ್ಲಿ ಪ್ರತಿಯೊಬ್ಬನಿಗೂ ಜೋಡಿ ಕೀಲಿಗಳು. ಒಂದನ್ನು ಸರ್ವರಿಗೆ ತಿಳಿಸುವುದು, ಇನ್ನೊಂದು ತನ್ನ ಮನೆ ಬಿಟ್ಟು ಕದಲಕೂಡದು. ಸ್ನೇಹವಿದೆಯೆಂದು ನಾಲ್ವರಿಗೂ ಒಂದೇ ಕೀಲಿ ಮಾಡಿಕೊಳ್ಳುವವರೂ ಉಂಟು. ಅದು ಸ್ನೇಹವಲ್ಲ, ಸೋಮಾರಿತನ. ಒಬ್ಬನ ಕಂಪ್ಯೂಟರು ಕಳುವಾದರೆ ನಾಲ್ವರ ಬಾಗಿಲೂ ತೆರೆದಂತೆ.

ನಿಜವಾದ ಪ್ರಶ್ನೆ ಖಾತೆ ಯಾರ ಹೆಸರಿನಲ್ಲಿದೆ ಎಂಬುದು. ನಮ್ಮದು ಒಬ್ಬ ಮಿತ್ರನ ಹೆಸರಿನಲ್ಲಿತ್ತು. ಆತ ಉದ್ಯೋಗಕ್ಕೆಂದು ಪರಊರಿಗೆ ಹೋದ. ಕಾರ್ಡಿನ ಅವಧಿ ಮುಗಿಯಿತು. ಬಾಡಿಗೆ ಸಂದಾಯವಾಗದೆ ಎಂಟು ದಿನ ನಮ್ಮ ಕೇಂದ್ರಗಳೆಲ್ಲ ಮೂಕವಾದವು. ಅವನನ್ನು ದೂರಲಾರೆ. ಮೊದಲೇ ಕೇಳದಿದ್ದುದು ನಮ್ಮ ತಪ್ಪು.

ದೊಡ್ಡವರಲ್ಲೂ ಇದೇ ಕಥೆ. 1981ರಲ್ಲಿ ಹ್ಯಾಂಕ್ ಮ್ಯಾಗ್ನುಸ್ಕಿ ಎಂಬ ಅಮೆರಿಕದ ಹವ್ಯಾಸಿ, ಜಗತ್ತಿನ ಹವ್ಯಾಸಿಗಳೆಲ್ಲರಿಗಾಗಿ 44ರಿಂದ ಮೊದಲಾಗುವ ಸುಮಾರು 1.67 ಕೋಟಿ ಇಂಟರ್‌ನೆಟ್ ವಿಳಾಸಗಳನ್ನು ಪಡೆದರು. 2019ರಲ್ಲಿ ಅವನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆ ಕಾಲುಭಾಗವನ್ನು ಅಮೆಜಾನಿಗೆ ಮಾರಿತು. ಆ ಹಣದಿಂದ ಹವ್ಯಾಸಕ್ಕೆ ಅನುದಾನಗಳು ದೊರೆಯುತ್ತಿವೆ, ನಿಜ. ಆದರೂ ಎಲ್ಲರ ಸ್ವತ್ತನ್ನು ಎಲ್ಲರನ್ನೂ ಕೇಳದೆ ಮಾರಬಹುದೆ ಎಂದು ಹಲವರು ಆಕ್ಷೇಪಿಸಿದರು. ಅವರ ಆಕ್ಷೇಪ ನ್ಯಾಯವೆಂದೇ ನನ್ನ ಮತ.

ನಮ್ಮ ಸರ್ವರಿನ ಬಾಡಿಗೆ ದಿನ, ಖಾತೆಯ ಗುಟ್ಟಿನ ಪದ, ಇವೆರಡೂ ಈಗ ಇಬ್ಬರಲ್ಲಿವೆ. ಮೂರನೆಯವನು ತನಗೂ ಬೇಕೆನ್ನುತ್ತಿದ್ದಾನೆ. ಆ ಚರ್ಚೆ ಇನ್ನೂ ಮುಗಿದಿಲ್ಲ.