75 ರೂಪಾಯಿ ನಾಣ್ಯದಲ್ಲಿ ಕಾಣದ ಆ 44 ಜನ

2018ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ 75 ರೂಪಾಯಿಯ ಒಂದು ಸ್ಮಾರಕ ನಾಣ್ಯ ಬಿಡುಗಡೆ ಮಾಡಿದರು. ಹಿನ್ನೆಲೆಯಲ್ಲಿ ಸೆಲ್ಯುಲರ್ ಜೈಲು, ಎದುರಿಗೆ ಧ್ವಜಕ್ಕೆ ಸೆಲ್ಯೂಟ್ ಹೊಡೆಯುತ್ತಿರುವ ನೇತಾಜಿ ಸುಭಾಷ್ ಚಂದ್ರ ಬೋಸ್. 1943ರ ಡಿಸೆಂಬರ್ 30ರಂದು ಬೋಸ್ ಅದೇ ಊರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರ 75ನೇ ವರ್ಷದ ನೆನಪಿಗೆ ಈ ನಾಣ್ಯ. ಅವತ್ತೇ ಮೂರು ದ್ವೀಪಗಳ ಹೆಸರೂ ಬದಲಾಯ್ತು. ರಾಸ್ ದ್ವೀಪ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಆಯ್ತು, ನೀಲ್ ಶಹೀದ್ ದ್ವೀಪ ಆಯ್ತು, ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯ್ತು.

ಹೆಸರು ಬದಲಾಯಿಸಿದ್ದರ ಬಗ್ಗೆ ನನಗೆ ತಕರಾರಿಲ್ಲ. ಹ್ಯಾವ್‌ಲಾಕ್, ನೀಲ್ ಇಬ್ಬರೂ 1857ರ ದಂಗೆಯನ್ನು ರಕ್ತದಲ್ಲಿ ಮುಳುಗಿಸಿದ ಸೇನಾಧಿಕಾರಿಗಳು. ಅವರ ಹೆಸರನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೇ ಜಾಸ್ತಿ. ನನ್ನ ಪ್ರಶ್ನೆ ಬೇರೆ. 'ಶಹೀದ್' ಅಂತ ಹೆಸರಿಟ್ಟೆವು ಸರಿ, ಆದರೆ ಆ ಶಹೀದರು ಯಾರು? ಆ ಧ್ವಜಾರೋಹಣ ನಡೆದ ಕಾಲದಲ್ಲಿ, ಅದೇ ನೆಲದಲ್ಲಿ ಸತ್ತವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಎರಡು ನಾಣ್ಯ, ಒಂದು ದ್ವೀಪ

ರಾಸ್ ದ್ವೀಪ ಒಂದು ಚದರ ಕಿಲೋಮೀಟರಿಗೂ ಚಿಕ್ಕದು. ಪೋರ್ಟ್ ಬ್ಲೇರ್‌ನಿಂದ ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. 1857ರ ದಂಗೆಯ ನಂತರ, 1858ರ ಮಾರ್ಚ್‌ನಲ್ಲಿ ಬ್ರಿಟಿಷರು ಮೊದಲ ಕೈದಿಗಳನ್ನು ಅಂಡಮಾನ್‌ಗೆ ತಂದರು. ನಮ್ಮ ಕಡೆ 'ಕರಿನೀರಿನ ಶಿಕ್ಷೆ' ಅಂತ ಹಿರಿಯರು ಹೇಳ್ತಿದ್ದದ್ದು ಇದನ್ನೇ. ಆ ಇಡೀ ಬಯಲು ಬಂದೀಖಾನೆಯ ರಾಜಧಾನಿ ಈ ಪುಟ್ಟ ರಾಸ್. ಕೈದಿಗಳೇ ಕಾಡು ಕಡಿದರು, ಕೈದಿಗಳೇ ಕಟ್ಟಿದರು. ಚರ್ಚು, ಬೇಕರಿ, ಚೀಫ್ ಕಮಿಷನರ್ ಬಂಗಲೆಗಳಲ್ಲಿ ಸಾಹೇಬರು ಎಂಟು ದಶಕ ಆರಾಮಾಗಿದ್ದರು.

ಈ ವಸಾಹತಿಗೆ ತನ್ನದೇ ನಾಣ್ಯವೂ ಇತ್ತು. 1861 ಮತ್ತು 1866ರ ಇಸವಿ ಹೊತ್ತ, 'ಅಂಡಮಾನ್ ಟೋಕನ್' ಅಂತ ಬರೆದ ಒಂದು ರೂಪಾಯಿಯ ತಾಮ್ರದ ಬಿಲ್ಲೆ. ಆಗ ದೇಶದಲ್ಲಿ ರೂಪಾಯಿ ಅಂದರೆ ಬೆಳ್ಳಿ. ಅಂಡಮಾನ್‌ನ ರೂಪಾಯಿ ಮಾತ್ರ ತಾಮ್ರ. ವಸಾಹತಿನ ಗಡಿ ದಾಟಿದರೆ ಅದು ಬರೀ ಲೋಹದ ಚೂರು. ಅಂದರೆ ಮನುಷ್ಯರನ್ನಷ್ಟೇ ಅಲ್ಲ, ಅವರ ಕೈಗೆ ಬಂದ ದುಡ್ಡನ್ನೂ ದ್ವೀಪದೊಳಗೇ ಕೂಡಿಹಾಕುವ ನಾಣ್ಯ ಅದು.

ನಾಣ್ಯ ಯಾವತ್ತೂ ಬರೀ ದುಡ್ಡಲ್ಲ. ಈ ನೆಲ ಯಾರದು, ಇಲ್ಲಿ ಯಾರನ್ನು ನೆನೆಯಬೇಕು ಅಂತ ಆಳುವವರು ಲೋಹದ ಮೇಲೆ ಒತ್ತಿ ಹೇಳುವ ಮಾತು. 1861ರ ತಾಮ್ರದ ಬಿಲ್ಲೆ 'ನೀನು ಕೈದಿ' ಅಂತ ಹೇಳ್ತಿತ್ತು. 2018ರ ನಾಣ್ಯ 'ಇಲ್ಲಿ ಸ್ವಾತಂತ್ರ್ಯ ಬಂದಿತ್ತು' ಅಂತ ಹೇಳುತ್ತೆ. ನಿಜಕ್ಕೂ ಬಂದಿತ್ತಾ?

ಧ್ವಜದ ಹಿಂದಿನ ಜೈಲು

1942ರ ಮಾರ್ಚ್ 23ರಂದು ಜಪಾನಿ ಪಡೆ ಪೋರ್ಟ್ ಬ್ಲೇರ್‌ಗೆ ಇಳಿಯಿತು. ಬ್ರಿಟಿಷರು ಅಷ್ಟರಲ್ಲಿ ಸೈನ್ಯವನ್ನು ವಾಪಸ್ ಕರೆಸಿಕೊಂಡಿದ್ದರು. ಪ್ರತಿರೋಧವೇ ಇರಲಿಲ್ಲ. ಉಳಿದವರು ಊರಿನ ಜನ: ಹಳೇ ಕೈದಿಗಳ ಮಕ್ಕಳು ಮೊಮ್ಮಕ್ಕಳು, ಗುಮಾಸ್ತರು, ಮೇಷ್ಟ್ರುಗಳು, ರೈತರು. ಬಿಳಿಯರು ತೊಲಗಿದರು, ಏಷ್ಯಾದವರೇ ಬಂದರು ಅಂತ ಮೊದಲು ಕೆಲವರಿಗೆ ಖುಷಿಯೇ ಆಗಿತ್ತು.

ಅದು ಕೆಲವೇ ದಿನದ ಖುಷಿ. ಕೋಳಿ ಹಿಡಿಯಲು ಬಂದ ಸೈನಿಕರತ್ತ ಏರ್‌ಗನ್ ಹಾರಿಸಿದ ಜುಲ್ಫಿಕರ್ ಅಲಿ ಎಂಬ ಯುವಕನನ್ನು ಎಲ್ಲರೆದುರು ಹಿಂಸಿಸಿ ಕೊಂದರು. ಮುಂದೆ ಬ್ರಿಟಿಷರ ಗುಪ್ತದಳವೊಂದು ಜಲಾಂತರ್ಗಾಮಿಯಲ್ಲಿ ಬಂದು ಕಾಡಿನಲ್ಲಿ ಅಡಗಿ ಮಾಹಿತಿ ಕಳಿಸತೊಡಗಿತು. ಜಪಾನೀಯರ ಅನುಮಾನ ಬಿದ್ದದ್ದು ಮಾತ್ರ ಊರಿನ ಜನರ ಮೇಲೆ. 'ಗೂಢಚಾರರು' ಅಂತ ಹೆಸರಿಟ್ಟು ಒಬ್ಬೊಬ್ಬರನ್ನೇ ಸೆಲ್ಯುಲರ್ ಜೈಲಿಗೆ ತಳ್ಳಿದರು.

ಅವರಲ್ಲಿ ಒಬ್ಬರು ಡಾಕ್ಟರ್ ದಿವಾನ್ ಸಿಂಗ್, 'ಕಾಲೇಪಾನಿ' ಅಂತಲೇ ಹೆಸರಾದ ಪಂಜಾಬಿ ಕವಿ. ಅವರು ಬ್ರಿಟಿಷರ ಬಾಲಬಡುಕರಲ್ಲ. ಬೋಸ್ ಮುನ್ನಡೆಸುತ್ತಿದ್ದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್‌ನ ಪೋರ್ಟ್ ಬ್ಲೇರ್ ಶಾಖೆಯ ಅಧ್ಯಕ್ಷರು. 1943ರ ಅಕ್ಟೋಬರ್‌ನಲ್ಲಿ ಅವರನ್ನು ಬಂಧಿಸಿದರು. 82 ದಿನ ಚಿತ್ರಹಿಂಸೆ. 1944ರ ಜನವರಿ 14ರಂದು ಅವರು ತೀರಿಕೊಂಡರು.

ದಿನಾಂಕ ಲೆಕ್ಕ ಹಾಕಿ ನೋಡಿ. ಡಿಸೆಂಬರ್ 30ರಂದು ಬೋಸ್ ಧ್ವಜ ಹಾರಿಸಿದಾಗ, ಅವರದೇ ಸಂಘಟನೆಯ ಸ್ಥಳೀಯ ನಾಯಕ ಅದೇ ಊರಿನ ಜೈಲಿನೊಳಗೆ ಸಾಯುತ್ತಿದ್ದ. 75 ರೂಪಾಯಿ ನಾಣ್ಯದಲ್ಲಿ ನೇತಾಜಿಯ ಹಿಂದೆ ಕಾಣುವುದು ಅದೇ ಜೈಲು.

ಧ್ವಜ ಹಾರಿ ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಹಂಫ್ರಿಗಂಜ್‌ನಲ್ಲಿ 44 ಭಾರತೀಯರನ್ನು ಜಪಾನಿ ಸೈನಿಕರು ಗುಂಡಿಟ್ಟು ಕೊಂದರು. ಅವರಲ್ಲಿ ಹೆಚ್ಚಿನವರು ಲೀಗ್‌ನ ಸದಸ್ಯರೇ. ಯುದ್ಧ ಮುಗಿಯುವ ಹೊತ್ತಿಗೆ ದ್ವೀಪಗಳಲ್ಲಿ ಅನ್ನಕ್ಕೆ ತತ್ವಾರ. 1945ರ ಆಗಸ್ಟ್‌ನಲ್ಲಿ, ಉಣ್ಣುವ ಬಾಯಿ ಕಮ್ಮಿ ಮಾಡೋಕೆ, ನೂರಾರು ಜನರನ್ನು ಹಡಗಿನಲ್ಲಿ ಒಯ್ದು ಹ್ಯಾವ್‌ಲಾಕ್ ಬಳಿ ಸಮುದ್ರಕ್ಕೆ ತಳ್ಳಿದರು. ಬದುಕಿ ಬಂದವರು ಬೆರಳೆಣಿಕೆಯಷ್ಟು. ಇವತ್ತು ಸ್ಕೂಬಾ ಡೈವಿಂಗ್‌ಗೆ ನಾವು ಹೋಗುವ ಸ್ವರಾಜ್ ದ್ವೀಪ ಅದೇ.

ಹಾಗಾದರೆ ಬೋಸ್?

ಇಲ್ಲಿ ಎರಡು ಕಡೆಯವರೂ ಆತುರ ಪಡ್ತಾರೆ. ಒಂದು ಗುಂಪಿಗೆ ಈ ಕಥೆ ಎತ್ತಿದರೇ ನೇತಾಜಿಗೆ ಅವಮಾನ. ಇನ್ನೊಂದು ಗುಂಪಿಗೆ ಇದು 'ಬೋಸ್ ಜಪಾನಿನ ಕೈಗೊಂಬೆ' ಅಂತ ಕೂಗೋಕೆ ಸಿಕ್ಕ ನೆಪ. ಎರಡನ್ನೂ ನಾನು ಒಪ್ಪಲ್ಲ.

ಬೋಸ್ ಅಲ್ಲಿದ್ದದ್ದು ಕೆಲವೇ ದಿನ. ಸುತ್ತ ಜಪಾನಿ ಅಧಿಕಾರಿಗಳ ಕೋಟೆ. ಊರಿನವರ ಗೋಳು ಅವರ ಕಿವಿಗೆ ಬೀಳದ ಹಾಗೆ ನೋಡಿಕೊಂಡರು ಅನ್ನುವುದು ದಾಖಲಾಗಿದೆ. ದ್ವೀಪಗಳನ್ನು ಆಜಾದ್ ಹಿಂದ್ ಸರ್ಕಾರಕ್ಕೆ ಒಪ್ಪಿಸಿದ್ದು ಕಾಗದದ ಮೇಲೆ ಮಾತ್ರ. 1944ರಲ್ಲಿ ಬೋಸ್ ಚೀಫ್ ಕಮಿಷನರ್ ಆಗಿ ಕಳಿಸಿದ ಎ.ಡಿ. ಲೋಕನಾಥನ್ ಅವರಿಗೆ ಜಪಾನೀಯರು ಪೊಲೀಸ್ ಇಲಾಖೆ ಬಿಟ್ಟುಕೊಡಲಿಲ್ಲ. ಅವರ ಕೈಗೆ ದಕ್ಕಿದ್ದು ಶಿಕ್ಷಣ ಇಲಾಖೆ ಒಂದೇ. ಆ ವರ್ಷವೇ ಅವರು ಅಲ್ಲಿಂದ ವಾಪಸಾದರು. ಶತ್ರುವಿನ ಶತ್ರುವನ್ನು ನಂಬಿ ಹೊರಟ ಸ್ವಾತಂತ್ರ್ಯ ಚಳವಳಿಗೆ ಎದುರಾದ ದುರಂತ ಇದು. ಇದನ್ನು ಹೇಳಿದರೆ ಬೋಸ್ ಸಣ್ಣವರಾಗಲ್ಲ, ಮನುಷ್ಯರಾಗ್ತಾರೆ.

'ಜಪಾನಿಗಿಂತ ಬ್ರಿಟಿಷರೇ ಮೇಲು ಅಂತೀರಾ?' ಅಂತ ಕೇಳಬಹುದು. ಖಂಡಿತ ಇಲ್ಲ. ಆ ಜೈಲು ಕಟ್ಟಿಸಿದವರು ಬ್ರಿಟಿಷರು, ಯುದ್ಧ ಬಂದಾಗ ಜನರನ್ನು ನಡುನೀರಲ್ಲಿ ಕೈಬಿಟ್ಟವರೂ ಅವರೇ. ಒಬ್ಬರು ಕಟ್ಟಿದ ಜೈಲು ಇನ್ನೊಬ್ಬರಿಗೆ ಒದಗಿತು, ಅಷ್ಟೇ.

ಯಾಕೆ ಈಗ?

ಯಾಕಂದ್ರೆ ಹೆಸರಿಡುವ ಕೆಲಸ ನಿಂತಿಲ್ಲ. 2023ರ ಜನವರಿಯಲ್ಲಿ 21 ದ್ವೀಪಗಳಿಗೆ ಪರಮವೀರ ಚಕ್ರ ಪುರಸ್ಕೃತರ ಹೆಸರಿಟ್ಟರು. ರಾಸ್‌ನಲ್ಲಿ ಕಟ್ಟಲಿರುವ ನೇತಾಜಿ ಸ್ಮಾರಕದ ಮಾದರಿಯನ್ನೂ ಅವತ್ತೇ ಅನಾವರಣ ಮಾಡಿದರು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ 'ಶ್ರೀ ವಿಜಯ ಪುರಂ' ಆಯ್ತು, ಚೋಳರ ನೌಕಾನೆಲೆಯ ನೆನಪಿನಲ್ಲಿ. ಬ್ರಿಟಿಷ್ ಸಾಮ್ರಾಜ್ಯದ ಹೆಸರು ಅಳಿಸಿ ಇನ್ನೊಂದು ಸಾಮ್ರಾಜ್ಯದ ನೆನಪು ಹಚ್ಚಿದ್ದೇವೆ. ಬ್ರಿಟಿಷರು ಬರುವುದಕ್ಕೆ ಎಷ್ಟೋ ಮೊದಲಿಂದ ಅಲ್ಲಿದ್ದ, ಅವರು ತಂದ ರೋಗಗಳಿಗೆ ಸಿಕ್ಕಿ ಕರಗಿಹೋದ ಅಂಡಮಾನಿ ಬುಡಕಟ್ಟುಗಳ ಭಾಷೆಯ ಒಂದು ಹೆಸರಿಗೂ ಈ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ.

ಹಂಫ್ರಿಗಂಜ್‌ನಲ್ಲಿ ಆ 44 ಜನರ ಸ್ಮಾರಕ ಇದೆ. ಪ್ರತಿ ವರ್ಷ ಜನವರಿ 30ರಂದು ಅಲ್ಲಿನವರು ಹೂವಿಟ್ಟು ಬರುತ್ತಾರೆ. ದೇಶಕ್ಕೆಲ್ಲ ಅದು ಗಾಂಧಿ ಹತ್ಯೆಯಾದ ದಿನ, ಹುತಾತ್ಮರ ದಿನ. ಗಾಂಧಿಗಿಂತ ನಾಲ್ಕು ವರ್ಷ ಮೊದಲೇ ಅದೇ ತಾರೀಖಿಗೆ ಗುಂಡಿಗೆ ಬಲಿಯಾದ ಈ ಜನರನ್ನೂ ಅವತ್ತು ನೆನೆಯಬಹುದಲ್ವಾ?

ಇನ್ನೊಂದು ನಾಣ್ಯ ಒತ್ತಿ ಅಂತ ನಾನು ಕೇಳ್ತಿಲ್ಲ. ನೇತಾಜಿ ಸ್ಮಾರಕದ ಗೋಡೆಯಲ್ಲಿ ದಿವಾನ್ ಸಿಂಗ್ ಮತ್ತು ಆ 44 ಜನರ ಹೆಸರು ಬರಲಿ. ಸ್ವರಾಜ್ ದ್ವೀಪದ ಜೆಟ್ಟಿಯಲ್ಲಿ, ಪ್ರವಾಸಿಗರು ಇಳಿಯುವ ಜಾಗದಲ್ಲೇ, 1945ರ ಆಗಸ್ಟ್‌ನಲ್ಲಿ ಏನಾಯ್ತು ಅಂತ ನಾಲ್ಕು ಸಾಲಿನ ಫಲಕ ಬರಲಿ. ಪಠ್ಯಪುಸ್ತಕದಲ್ಲಿ ಧ್ವಜಾರೋಹಣದ ಚಿತ್ರದ ಪಕ್ಕ ಜನವರಿ 30ರ ಒಂದು ಪ್ಯಾರಾ ಸೇರಲಿ. ಇಷ್ಟಾದರೆ 'ಶಹೀದ್' ಅನ್ನೋ ಹೆಸರಿಗೂ ಅರ್ಥ ಬರುತ್ತೆ.