ಗೋಡೆಯ ಮೇಲಿನ ಕಾಡು



ಬ್ರಹ್ಮಾವರದ ಸಮೀಪ ಈಚೆಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಚಾವಡಿಯ ಒಂದು ಗೋಡೆಯನ್ನು ಪೂರ್ತಿಯಾಗಿ ಆವರಿಸಿದ್ದ ಕಾಡಿನ ಚಿತ್ರ: ಮಂಜು, ನೆಟ್ಟಗೆ ನಿಂತ ಪೈನ್ ಮರಗಳು, ನಡುವೆ ಕಾಲುದಾರಿ. "ಕಂಡರೆ ಮನಸ್ಸಿಗೆ ಶಾಂತಿ, ಮಾಷ್ಟ್ರೇ" ಎಂದರು ಮನೆಯವರು. ಹೊರಗೆ ಇಂಟರ್‌ಲಾಕ್ ಹಾಸುವುದಕ್ಕಾಗಿ ಹಿತ್ತಲಿನ ಹಾಡಿಯನ್ನು ಸವರಲಾಗಿತ್ತು. ಕಡಿದ ಸುರಗಿಯ ಬುಡ ಇನ್ನೂ ಹಸಿಯಾಗಿತ್ತು. ಊಟದ ಪಂಕ್ತಿಯಲ್ಲಿ ಆಡಲಾಗದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಕಾರ್ಖಾನೆಯಲ್ಲಿ ಅಚ್ಚಾದ ಆ ಹಾಳೆಯನ್ನು ಕಾಡಿನ ಚಿತ್ರವೆಂದು ನಾನು ಒಪ್ಪಲಾರೆ. ಅದು ಯಾವ ಊರಿನ ಕಾಡೂ ಅಲ್ಲ. ಪೈನ್ ಮರಗಳ ನಿಜವಾದ ನಾಡಾದ ಸ್ಲೊವಾಕಿಯಾದಲ್ಲಿ ಹುಟ್ಟಿದ ಮೆದ್ನ್ಯಾನ್‌ಸ್ಕಿ (1852–1919) ಎಂಬ ಚಿತ್ರಕಾರ, ಶ್ರೀಮಂತ ಮನೆತನದವನಾಗಿಯೂ, ಕಾರ್ಪೇಥಿಯನ್ ಬೆಟ್ಟಗಳ ಕಾಡು, ಮಂಜು, ಕೆಸರುಗಳ ನಡುವೆ ಅಲೆದು ಚಿತ್ರಿಸಿದವನು. ಅಷ್ಟು ದೂರವೇಕೆ? ನಮ್ಮವರೇ ಆದ ರುಮಾಲೆ ಚೆನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟಕ್ಕಾಗಿ ಬದಿಗಿಟ್ಟಿದ್ದ ಕುಂಚವನ್ನು ಮತ್ತೆ ಹಿಡಿದಾಗ, ಹೂಬಿಟ್ಟ ಮರಗಳ ಎದುರಿಗೇ ಹೋಗಿ ಕುಳಿತರು. ಇಂಥವರ ಚಿತ್ರದಲ್ಲಿರುವ ಮೌನ ನೋಡಿ ನೋಡಿ ಸಂಪಾದಿಸಿದ್ದು.

"ಕಾಡಿನಲ್ಲಿ ನೋಡುವುದೇನಿದೆ, ಎಲ್ಲ ಹಸಿರೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ವಂಡ್ಸೆ, ಜಡ್ಕಲ್ ದಾಟಿ ಕೊಲ್ಲೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿ. 1974ರಲ್ಲೇ ಅಭಯಾರಣ್ಯವೆಂದು ಘೋಷಿತವಾದ ಮೂಕಾಂಬಿಕಾ ಕಾಡು ಅದು. ಹಳೆಯ ಎಲೆ ಕಪ್ಪಿಗೆ ಸಮೀಪದ ಹಸಿರು. ನಾಗಸಂಪಿಗೆಯ ಚಿಗುರು ರಕ್ತದಂತೆ ಕೆಂಪು. ಕಾಂಡದ ಮೇಲಿನ ಹಾವಸೆಗೆ ಮಳೆಗಾಲದಲ್ಲೊಂದು ಬಣ್ಣ, ಬೇಸಿಗೆಯಲ್ಲೊಂದು. ನಿಶ್ಶಬ್ದವೂ ಬರಿದಲ್ಲ. ಜೀರುಂಡೆಗಳ ಸದ್ದು ಥಟ್ಟನೆ ನಿಂತರೆ ಮಂಗಟ್ಟೆಯ ರೆಕ್ಕೆಯ ಸದ್ದು ಕೇಳುತ್ತದೆ. ಅನಂತರ ರಸ್ತೆ ಬದಿಯ ಅಕೇಶಿಯ ನೆಡುತೋಪಿನೊಳಗೆ ನಿಂತು ನೋಡಿ. ಆಸ್ಟ್ರೇಲಿಯಾ ಕಡೆಯಿಂದ ಬಂದ ಆ ಮರದ ಒಣ ಎಲೆಗಳು ದಪ್ಪನಾಗಿ ಹಾಸಿಕೊಂಡು ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಅಲ್ಲಿಯೂ ನಿಶ್ಶಬ್ದವೇ. ಎರಡೂ ಒಂದೇ ಎನ್ನುವವನಿಗೆ ಹಾಡಿ ಹೋದದ್ದು ಗೊತ್ತಾಗುವುದಾದರೂ ಹೇಗೆ?

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು, ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ನಮ್ಮ ಜಿಲ್ಲೆಯವರೆಂದು ವೇದಿಕೆಯ ಮೇಲೆ ಹೆಮ್ಮೆಪಡುತ್ತೇವೆ. ತರಗತಿಯಲ್ಲಿ ಮಾತ್ರ ಮಕ್ಕಳಿಂದ ಬರೆಸುವುದು ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ. ಬೈಂದೂರಿನ ಮಗುವಾದರೂ ಅದೇ, ಬೀದರಿನ ಮಗುವಾದರೂ ಅದೇ. ಈ ದೋಷದಲ್ಲಿ ದೊಡ್ಡ ಪಾಲು ನಮ್ಮ ಮೇಷ್ಟರುಗಳದ್ದು. ನಾನೂ ವರ್ಷಾನುಗಟ್ಟಲೆ ಆ ತ್ರಿಕೋನಗಳಿಗೆ ಅಂಕ ಕೊಟ್ಟವನೇ.

ಘಟ್ಟದ ಬುಡದಿಂದ ಬರುತ್ತಿದ್ದ ಒಬ್ಬ ಹುಡುಗ ಒಮ್ಮೆ ಇಡೀ ಹಾಳೆಗೆ ಕಡುಹಸಿರು ಬಳಿದು, ಮೇಲೊಂದು ಮೂಲೆಯಲ್ಲಿ ಸಣ್ಣದೊಂದು ಬಿಳಿಯ ಚುಕ್ಕೆಯನ್ನು ಉಳಿಸಿ ತಂದಿದ್ದ.

"ಸೂರ್ಯ ಎಲ್ಲಿ?" ಎಂದೆ.

"ಅಲ್ಲ್ ಸೂರ್ಯ ಕಾಂಬುಕೆ ಸಿಕ್ಕುದಿಲ್ಲ ಮಾಷ್ಟ್ರೇ" ಎಂದ.

ಹತ್ತಕ್ಕೆ ನಾಲ್ಕು ಅಂಕ ಹಾಕಿದೆ. ಅವನು ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ, ತಪ್ಪು ನನ್ನದೇ ಎಂದು ತಿಳಿಯಲಿ.