ಮಟಮಟ ಮಧ್ಯಾಹ್ನದ ಕರೆಂಟು ಯಾರ ಪಾಲು?

ಕರೆಂಟೂ ತಗೊಳ್ಳಿ, ಜೊತೆಗೆ ಕಾಸೂ ತಗೊಳ್ಳಿ! ಹೀಗಂದರೆ ಪೇಟೆಯ ವರ್ತಕರು ‘ತಲೆ ಕೆಟ್ಟಿದೆಯೇನ್ರೀ?’ ಎಂದು ನಕ್ಕಾರು. ಆದರೆ ಜರ್ಮನಿಯ ಸಗಟು ಪೇಟೆಯಲ್ಲಿ 2024ರಲ್ಲಿ 457 ಗಂಟೆ ಕಾಲ ವಿದ್ಯುತ್ ದರ ಸೊನ್ನೆಗಿಂತ ಕೆಳಗಿತ್ತು.

ಕರೆಂಟು ಮೂಟೆ ಕಟ್ಟಿಡುವ ರಾಗಿಯಲ್ಲ. ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಬಿಸಿಲು, ಗಾಳಿ ಜೋರಾಗಿದ್ದು ಕಾರ್ಖಾನೆಗಳು ರಜೆ ಮಾಡಿದ ದಿನ ಉತ್ಪಾದನೆ ಮಿತಿಮೀರುತ್ತದೆ. ಕಲ್ಲಿದ್ದಲು ಸ್ಥಾವರ ಆರಿಸಿ ಮತ್ತೆ ಹೊತ್ತಿಸುವುದಕ್ಕಿಂತ ಕೊಂಡವರಿಗೇ ದುಡ್ಡು ಕೊಡುವುದು ಲೇಸು ಎಂಬುದು ಅಲ್ಲಿನ ಲೆಕ್ಕ.

ನಮ್ಮ ದೇಶದ ವಿದ್ಯುತ್ ವಿನಿಮಯ ಪೇಟೆಯಲ್ಲಿ ದರ ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ. ಆದರೂ ರೋಗ ಇಲ್ಲಿಗೂ ಬಂದಿದೆ. 2025ರಲ್ಲಿ ರಾಜಸ್ಥಾನದಲ್ಲಿ ಸಾಗಿಸಲು ಲೈನು ಸಾಲದೆ ಮಧ್ಯಾಹ್ನದ ಸೋಲಾರ್ ಕರೆಂಟನ್ನು ತಗ್ಗಿಸಬೇಕಾಯಿತು. ನಮ್ಮ ಪಾವಗಡದಲ್ಲೇ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಹೊತ್ತು ನೆತ್ತಿಗೇರಿದಾಗ ಕರೆಂಟು ಅಗ್ಗ, ದೀಪ ಹಚ್ಚುವ ಹೊತ್ತಿಗೆ ತುಟ್ಟಿ.

ಹಾಗಿದ್ದಮೇಲೆ ಕೆಲಸವನ್ನೇ ಮಧ್ಯಾಹ್ನಕ್ಕೆ ತರಬೇಕು. ಹಿಟ್ಟಿನ ಗಿರಣಿ, ಐಸ್ ಫ್ಯಾಕ್ಟರಿ, ಊರಿನ ನೀರಿನ ಟ್ಯಾಂಕು ಆಗಲೇ ನಡೆಯಲಿ. ಡಿಪೋದಲ್ಲಿ ವಿದ್ಯುತ್ ಬಸ್ಸುಗಳು ಆಗಲೇ ಚಾರ್ಜ್ ಆಗಲಿ. ಪಂಪ್‌ಸೆಟ್‌ಗೆ ರಾತ್ರಿ ಪಾಳಿ ಉಳಿದಿರುವ ಕಡೆ ಅದನ್ನು ಹಗಲಿಗೆ ತನ್ನಿ. ಹಗಲು ಬಿಸಿಲು ಸುರಿಯುತ್ತಿರುವಾಗ ರೈತ ಕತ್ತಲಲ್ಲಿ ಟಾರ್ಚು ಹಿಡಿದು ಹಾವು ತುಳಿಯುವುದು ಯಾವ ನ್ಯಾಯ?

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಯಮ ತಿದ್ದಿದೆ. ಬಿಸಿಲ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ವಾಣಿಜ್ಯ ಬಳಕೆದಾರರಿಗೆ ಕನಿಷ್ಠ ಶೇ. 20 ಹೆಚ್ಚು. ಕೇಳಲು ಚೆನ್ನ. ಆದರೆ ಹೊತ್ತು ಹೊತ್ತಿನ ಲೆಕ್ಕ ಇಡುವ ಸ್ಮಾರ್ಟ್ ಮೀಟರ್ ಬೇಕು. ಅದಿಲ್ಲದ ಅಂಗಡಿಗೆ ಮಧ್ಯಾಹ್ನವೂ ಒಂದೇ, ಮುಸ್ಸಂಜೆಯೂ ಒಂದೇ.

ಮೀಟರ್ ಬಂದರೂ ತಾಪತ್ರಯ ತಪ್ಪದು. ಗಿರಣಿಯವರು ಹೊತ್ತು ಬದಲಿಸಿಯಾರು. ಬಟ್ಟೆ ಅಂಗಡಿಯವರು ಏನು ಮಾಡಬೇಕು? ಗಿರಾಕಿ ಬರುವುದೇ ಆಫೀಸು ಬಿಟ್ಟು, ಬಸ್ಸಿಳಿದ ಮೇಲೆ. ದೀಪ ಆರಿಸಿಕೊಂಡು ಸೀರೆ ತೋರಿಸಲಾದೀತೇ? ಮಧ್ಯಾಹ್ನದ ರಿಯಾಯಿತಿ ದೊಡ್ಡ ಕಾರ್ಖಾನೆಗೆ, ಸಂಜೆಯ ಹೊರೆ ಸಣ್ಣ ಅಂಗಡಿಗೆ ಎಂದಾದರೆ ಈ ಸುಧಾರಣೆ ಯಾರ ಉದ್ಧಾರಕ್ಕೆ?

ಮೊದಲು ರಿಯಾಯಿತಿ ಬಿಲ್ಲಿನಲ್ಲಿ ಕಾಣಲಿ, ಹೆಚ್ಚುವರಿಯ ಮಾತು ಆಮೇಲೆ. ಮೀಟರಿನ ಖರ್ಚನ್ನು ಸಣ್ಣ ವರ್ತಕರ ತಲೆಗೆ ಕಟ್ಟಬೇಡಿ. ಮಧ್ಯಾಹ್ನ ಮಿಕ್ಕಿದ್ದನ್ನು ಬ್ಯಾಟರಿಯಲ್ಲಿ ತುಂಬಿಟ್ಟು ಸಂಜೆ ಪೇಟೆಗೆ ಕೊಡುವ ಏರ್ಪಾಡು ಸರ್ಕಾರದ್ದೇ ಆಗಲಿ. ಸೂರ್ಯ ಬಿಲ್ಲು ಕಳಿಸುವುದಿಲ್ಲ. ಅವನ ಹೆಸರಲ್ಲಿ ಬಿಲ್ಲು ಬರೆಯುವವರು ತಕ್ಕಡಿ ಸರಿಯಾಗಿ ಹಿಡಿಯಲಿ.